ಬಿ.ಎಸ್ಸಿ. ಓದುತ್ತಿರುವವರು ಸ್ಟ್ರಿಂಗ್ ಥಿಯರಿ ಎಲ್ಲಿಂದ ಶುರು ಮಾಡಬೇಕು?

ಹೊಸನಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಫಿಸಿಕ್ಸ್, ಮ್ಯಾಥ್ಸ್. ಊರು ಹೊಸನಗರದ ಹತ್ತಿರ. ರಿಪ್ಪನ್‌ಪೇಟೆ ಮೇಲೆ ಬರುವ ಬಸ್ಸಿನಲ್ಲಿ ದಿನಾ ಓಡಾಟ. ಹಾಗಾಗಿ ಓದುವುದೆಲ್ಲ ಬಸ್ಸಲ್ಲೇ ಜಾಸ್ತಿ.

ನನಗೆ ಸ್ಟ್ರಿಂಗ್ ಥಿಯರಿ ಕಲಿಯಬೇಕು. ಯೂಟ್ಯೂಬಿನಲ್ಲಿ ಸಿಕ್ಕಿದ್ದೆಲ್ಲ ನೋಡಿದೆ. ಎಲ್ಲದರಲ್ಲೂ ಒಂದೇ ಮಾತು: ಕಣ ಅಂದರೆ ಕಂಪಿಸುವ ತಂತಿ, ಜಗತ್ತಿಗೆ ಹತ್ತು ಆಯಾಮ. ಯಾಕೆ ಹತ್ತು? ಒಂಬತ್ತು ಯಾಕಲ್ಲ? ಯಾರೂ ಹೇಳುವುದಿಲ್ಲ. ಬಣ್ಣದ ಗ್ರಾಫಿಕ್ಸ್ ಬರುತ್ತದೆ, ಮ್ಯೂಸಿಕ್ ಬರುತ್ತದೆ, ವಿಡಿಯೋ ಮುಗಿಯುತ್ತದೆ. ಆಮೇಲೆ ಪೋಲ್ಚಿನ್‌ಸ್ಕಿ ಬರೆದ ದೊಡ್ಡ ಪುಸ್ತಕ ತೆರೆದೆ. ಮೊದಲ ಅಧ್ಯಾಯದಲ್ಲೇ ಗೊತ್ತಿಲ್ಲದ್ದು ರಾಶಿ ರಾಶಿ ಇದೆ. ಈ ಎರಡರ ನಡುವೆ ಏನೂ ಇಲ್ವಾ?

ನನಗೆ ಗೊತ್ತಿರುವುದು: ಲಗ್ರಾಂಜಿಯನ್ ಸ್ವಲ್ಪ, ಕ್ವಾಂಟಮ್‌ನಲ್ಲಿ ಹಾರ್ಮೋನಿಕ್ ಆಸಿಲೇಟರ್ ಮತ್ತು ಹೈಡ್ರೋಜನ್ ಪರಮಾಣು, ಸ್ಪೆಷಲ್ ರಿಲೇಟಿವಿಟಿ. ಟೆನ್ಸರ್ ಗೊತ್ತಿಲ್ಲ. ಮನೆಯಲ್ಲಿ ಅಪ್ಪ ಬಿ.ಎಡ್. ಮಾಡು ಅಂತಿದ್ದಾರೆ. ಅವರಿಗೆ ಏನು ಹೇಳಲಿ ಅನ್ನುವುದನ್ನೂ ಹೇಳಿ ದಯವಿಟ್ಟು.

ತೀರ್ಥಹಳ್ಳಿ ಮೇಷ್ಟ್ರು:

ನಡುವೆ ಇದೆ. ಚೆನ್ನಾಗೇ ಇದೆ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಮಾಡಿದೆ. ಸ್ಟ್ರಿಂಗ್ ಥಿಯರಿ ಆಮೇಲೆ ಆಸೆಪಟ್ಟು ಕಲಿತದ್ದು, ಈಗಲೂ ಕಲಿಯುತ್ತಲೇ ಇದ್ದೇನೆ. ನಿಮ್ಮ "ಯಾಕೆ ಹತ್ತು" ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ, ಪುಸ್ತಕ ಆಮೇಲೆ.

ಪಿಯು ಲ್ಯಾಬಿನ ಸೋನೋಮೀಟರ್ ನೆನಪಿದೆಯಾ? ಮರದ ಪೆಟ್ಟಿಗೆ, ಮೇಲೆ ಬಿಗಿದ ತಂತಿ, ತುದಿಗೆ ನೇತುಹಾಕಿದ ತೂಕ. ತಂತಿ ಮೇಲೆ ಕಾಗದದ ಚೂರು ಮಡಚಿ ಇಡುತ್ತೇವೆ. ಟ್ಯೂನಿಂಗ್ ಫೋರ್ಕ್ ಬಡಿದು ಪೆಟ್ಟಿಗೆಗೆ ಊರುತ್ತೇವೆ. ಬ್ರಿಡ್ಜ್ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಕಾಗದ ಟಪ್ಪಂತ ಹಾರಿ ಬೀಳುತ್ತದೆ. ಆ ತಂತಿಯ ಆವರ್ತನಗಳು ಮೂಲ ಆವರ್ತನದ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು, ಹೀಗೆ ಸಾಗುತ್ತವೆ. ಉತ್ತರ ಇಲ್ಲಿಂದಲೇ ಶುರು.

ಒಂದೊಂದು ಕಂಪನವೂ ಒಂದೊಂದು ಹಾರ್ಮೋನಿಕ್ ಆಸಿಲೇಟರ್. ಕ್ವಾಂಟಮ್ ಆಸಿಲೇಟರ್ ಪೂರ್ತಿ ಸುಮ್ಮನಾಗುವುದಿಲ್ಲ, ಅರ್ಧ ಕ್ವಾಂಟಮ್ ಶಕ್ತಿ ಉಳಿದೇ ಇರುತ್ತದೆ. ಇದು ನಿಮಗೆ ಗೊತ್ತು. ತಂತಿಯ ಎಲ್ಲಾ ಕಂಪನಗಳ ಈ ಅರ್ಧ ಅರ್ಧವನ್ನು ಕೂಡಿ. 1+2+3+4… ಅನ್ನುವ ಮೊತ್ತದ ಅರ್ಧ ಬರುತ್ತದೆ. ಅದರಲ್ಲಿ ಲೆಕ್ಕಕ್ಕೆ ಉಳಿಯುವ ಭಾಗ −1/12. ಅದರ ಅರ್ಧ −1/24. ಇದು ಒಂದು ದಿಕ್ಕಿನ ಕಂಪನದ ಪಾಲು.

ತಂತಿ ಎಷ್ಟು ದಿಕ್ಕಿನಲ್ಲಿ ಕಂಪಿಸಬಹುದು? ಒಟ್ಟು ಆಯಾಮಗಳಲ್ಲಿ ಕಾಲವನ್ನು ಬಿಡಿ, ತಂತಿಯ ಉದ್ದದ ದಿಕ್ಕನ್ನೂ ಬಿಡಿ. ಎರಡು ಕಡಿಮೆಯಾಯಿತು. ಈಗ ತೆರೆದ ತಂತಿಯ (ಉಂಗುರವಾಗದೆ ಎರಡು ತುದಿ ಇರುವುದು) ಮೂಲ ಕಂಪನಕ್ಕೆ ಒಂದೇ ಒಂದು ಕ್ವಾಂಟಮ್ ಕೊಡಿ. ಬೆಳಕಿನ ಕಣದಂಥ ಕಣ ಸಿಗುತ್ತದೆ. ಅಂಥ ಕಣಕ್ಕೆ ದ್ರವ್ಯರಾಶಿ ಇದ್ದರೆ ಕಂಪಿಸಲು ಇನ್ನೂ ಒಂದು ದಿಕ್ಕು ಬೇಕು ಅನ್ನುತ್ತದೆ ರಿಲೇಟಿವಿಟಿ. ನಮ್ಮ ಹತ್ತಿರ ಆ ದಿಕ್ಕಿಲ್ಲ. ಹಾಗಾಗಿ ದ್ರವ್ಯರಾಶಿ ಸೊನ್ನೆ ಆಗಲೇಬೇಕು. ಅಂದರೆ ನಾವು ಕೊಟ್ಟ 1ನ್ನು ಆ −1/24ಗಳೆಲ್ಲ ಸೇರಿ ಪೂರ್ತಿ ತಿಂದುಹಾಕಬೇಕು. ಅದಕ್ಕೆ 24 ದಿಕ್ಕು ಬೇಕು. ಬಿಟ್ಟ ಎರಡನ್ನು ಸೇರಿಸಿ: 26.

ಇದು ಬೋಸಾನ್ (ಬೆಳಕಿನ ಕಣದ ಬಗೆಯ ಕಣಗಳು) ಮಾತ್ರ ಇರುವ ತಂತಿ. ಇದರಲ್ಲಿ ಟ್ಯಾಕಿಯಾನ್ (ದ್ರವ್ಯರಾಶಿಯ ವರ್ಗ ಸೊನ್ನೆಗಿಂತ ಕಡಿಮೆ ಬರುವ ಕಣ) ಅನ್ನುವ ತೊಂದರೆ ಇದೆ, ಎಲೆಕ್ಟ್ರಾನಿನಂಥ ಕಣವೂ ಇಲ್ಲ. ಫರ್ಮಿಯಾನ್ (ಎಲೆಕ್ಟ್ರಾನಿನ ಬಗೆಯ ಕಣಗಳು) ಸೇರಿಸಿದರೆ ಒಂದು ದಿಕ್ಕಿನ ಪಾಲು −1/16 ಆಗುತ್ತದೆ, ತಿನ್ನಬೇಕಾದ್ದು 1 ಅಲ್ಲ, ಅರ್ಧ. ಹಾಗಾದರೆ ಎಂಟು ದಿಕ್ಕು, ಮತ್ತೆ ಎರಡು. ಹತ್ತು. ಒಂಬತ್ತಾದರೆ ಲೆಕ್ಕ ಕೂಡುವುದೇ ಇಲ್ಲ.

ನೋಡಿ, ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಅದಕ್ಕೇ "ಎಲ್ಲಾ ಕಲಿತ ಮೇಲೆ ಸ್ಟ್ರಿಂಗ್ ಥಿಯರಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಪುಸ್ತಕ: ಬಾರ್ಟನ್ ಜ್ವೀಬಾಕ್ ಅವರ 'ಎ ಫಸ್ಟ್ ಕೋರ್ಸ್ ಇನ್ ಸ್ಟ್ರಿಂಗ್ ಥಿಯರಿ'. ಎಂಐಟಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮಾಡಿದ ಪಾಠದಿಂದ ಬಂದದ್ದು, 2004ರಲ್ಲಿ ಮೊದಲ ಮುದ್ರಣ. ನಿಮಗೆ ಈಗ ಗೊತ್ತಿರುವಷ್ಟರಿಂದಲೇ ಶುರುವಾಗುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಬರುವುದು ಸಾಧಾರಣ ತಂತಿಯೇ, ರಿಲೇಟಿವಿಟಿ ಇಲ್ಲದ್ದು. ಬಸ್ಸಲ್ಲಿ ಓದಿ, ಪರವಾಗಿಲ್ಲ. ಆದರೆ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಮನೆಯಲ್ಲಿ ಕೂತು ಪೆನ್ಸಿಲ್ ಹಿಡಿದು ಮಾಡಲೇಬೇಕು. ಬರೀ ಓದಿದರೆ ಈ ವಿಷಯ ಕೈಗೆ ಹತ್ತುವುದಿಲ್ಲ.

ಸಾಗರದವ, ಈಗ ಬೆಂಗಳೂರು:

ಮೇಷ್ಟ್ರು ಹೇಳಿದ್ದಕ್ಕೆ ಮುಂದಿನ ಭಾಗ ಸೇರಿಸುತ್ತೇನೆ. ನಾನು ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ.

ಜ್ವೀಬಾಕ್ ಓದುವಾಗಲೇ ಪಕ್ಕದಲ್ಲಿ ಬುನಾದಿ ಗಟ್ಟಿ ಮಾಡಿಕೊಳ್ಳಿ. ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಕ್ಲಾಸಿಕಲ್ ಮತ್ತು ಕ್ವಾಂಟಮ್ ಪಾಠಗಳು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಪುಕ್ಕಟೆ ಇವೆ. ಅಷ್ಟು ಸಮಾಧಾನದಿಂದ ಬೋರ್ಡಿನ ಮೇಲೆ ಬರೆದು ಹೇಳುವವರು ಅಪರೂಪ. ಊರಲ್ಲಿ ಮಳೆಗಾಲಕ್ಕೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಶಿವಮೊಗ್ಗದಲ್ಲಿ ಇರುವಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಆಮೇಲೆ ಕ್ವಾಂಟಮ್ ಫೀಲ್ಡ್ ಥಿಯರಿ. ಇದನ್ನು ಹಾರಿಸಿ ಮುಂದೆ ಹೋಗಲು ಆಗುವುದಿಲ್ಲ. ಕೇಂಬ್ರಿಡ್ಜಿನ ಡೇವಿಡ್ ಟಾಂಗ್ ಅವರ ನೋಟ್ಸ್ ಫೀಲ್ಡ್ ಥಿಯರಿಗೂ ಇದೆ, ಜನರಲ್ ರಿಲೇಟಿವಿಟಿಗೂ ಇದೆ, ಸ್ಟ್ರಿಂಗ್ ಥಿಯರಿಗೂ ಇದೆ. ಅದೂ ಪುಕ್ಕಟೆ. ಈ ಮೂರನ್ನೂ ಇದೇ ಕ್ರಮದಲ್ಲಿ ಓದಿ. ಅಷ್ಟಾದ ಮೇಲೆ ಪೋಲ್ಚಿನ್‌ಸ್ಕಿ ಮತ್ತೆ ತೆರೆಯಿರಿ. ಮೊದಲ ಸಂಪುಟ ಬೋಸಾನ್ ತಂತಿ, ಎರಡನೆಯದು ಸೂಪರ್‌ಸ್ಟ್ರಿಂಗ್, ಅಂದರೆ ಫರ್ಮಿಯಾನ್ ಸೇರಿಸಿದ ತಂತಿ. ಆಗ ಅದು ಬೇರೆಯೇ ಪುಸ್ತಕದ ಹಾಗೆ ಕಾಣುತ್ತದೆ. 1997ರಲ್ಲಿ ಮಾಲ್ದಸೇನ ಕೊಟ್ಟ ವಿಚಾರದ (ಗುರುತ್ವ ಇರುವ ಸಿದ್ಧಾಂತವೂ ಗುರುತ್ವ ಇಲ್ಲದ ಒಂದು ಫೀಲ್ಡ್ ಥಿಯರಿಯೂ ಒಂದೇ ಅನ್ನುವುದು) ಮೇಲೆ ಇವತ್ತಿಗೂ ಎಷ್ಟೋ ಕೆಲಸ ನಡೆಯುತ್ತಿದೆ. ಆದರೆ ಅದು ಈಗಲೇ ಬೇಡ.

ಅಪ್ಪನಿಗೆ ಹೇಳುವುದಕ್ಕೆ: ಜ್ಯಾಮ್ ಪರೀಕ್ಷೆ ಬರೆಯಿರಿ. ಎಂ.ಎಸ್ಸಿ.ಗೂ ಆಗುತ್ತದೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಆಗುತ್ತದೆ. ಜೆಸ್ಟ್ ಅನ್ನುವ ಇನ್ನೊಂದು ಪರೀಕ್ಷೆಯೂ ಇದೆ. ಪಿಎಚ್.ಡಿ. ಸೇರಿದರೆ ಫೆಲೋಶಿಪ್ ಹಣ ಬರುತ್ತದೆ, ಮನೆಯಿಂದ ಕೇಳಬೇಕಾಗಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿ, ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ಸ್ಟ್ರಿಂಗ್ ಥಿಯರಿಯಲ್ಲಿ ನಮ್ಮ ದೇಶದ ಹೆಸರು ದೊಡ್ಡದು. ಅಶೋಕ್ ಸೇನ್ ಪ್ರಯಾಗರಾಜ್‌ನಲ್ಲಿ ಕೂತೇ ಜಗತ್ತು ಓದುವಂಥ ಕೆಲಸ ಮಾಡಿದರು. ಬೆಂಗಳೂರಿನ ಹೆಸರಘಟ್ಟದ ಕಡೆ ಐಸಿಟಿಎಸ್ ಅನ್ನುವ ಸೈದ್ಧಾಂತಿಕ ವಿಜ್ಞಾನದ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ಉಪನ್ಯಾಸಗಳು ಯೂಟ್ಯೂಬಿನಲ್ಲೇ ಸಿಗುತ್ತವೆ.

ಅಡಿಕೆ ತೋಟ, ಕೊಪ್ಪ:

ಒಂದು ಮಾತು ತಂಗಿ. ಇದಕ್ಕೆ ಪ್ರಯೋಗದ ಪುರಾವೆ ಇನ್ನೂ ಸಿಕ್ಕಿಲ್ಲ. ತಂತಿಯ ಉದ್ದ ಪ್ಲಾಂಕ್ ಉದ್ದದ (ಪ್ರೋಟಾನಿಗಿಂತಲೂ ಎಷ್ಟೋ ಪಟ್ಟು ಚಿಕ್ಕದು) ಹತ್ತಿರ ಅಂತ ಊಹೆ, ಅದನ್ನು ನೇರವಾಗಿ ನೋಡುವ ಯಂತ್ರ ಯಾರ ಹತ್ತಿರವೂ ಇಲ್ಲ. ಜಿನೀವಾದ ದೊಡ್ಡ ಕೊಲೈಡರಿನಲ್ಲೂ ಸೂಪರ್‌ಸಿಮೆಟ್ರಿಯ (ಪ್ರತಿ ಬೋಸಾನಿಗೂ ಒಂದು ಜೊತೆ ಫರ್ಮಿಯಾನ್ ಇದೆ ಅನ್ನುವ ವಿಚಾರ) ಕಣಗಳು ಸಿಗಲಿಲ್ಲ. ಇದನ್ನು ತಿಳಿದುಕೊಂಡೇ ಒಳಗೆ ಹೋಗಿ.

ಆದರೂ ನಾನು ಓದುತ್ತೇನೆ. ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು. 1968ರಲ್ಲಿ ವೆನೆಟ್ಸಿಯಾನೋ ಬರೆದ ಸೂತ್ರ ಪ್ರೋಟಾನ್, ಪಯಾನ್‌ಗಳಂಥ ಕಣಗಳ ಡಿಕ್ಕಿಗೆ ಸಂಬಂಧಿಸಿದ್ದು, ಗುರುತ್ವದ ಮಾತೇ ಇರಲಿಲ್ಲ. ಅದರ ಹಿಂದೆ ತಂತಿ ಇದೆ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿ ಬೇಡದ ಒಂದು ಕಣ ಬರುತ್ತಿತ್ತು, ದ್ರವ್ಯರಾಶಿ ಇಲ್ಲ, ಸ್ಪಿನ್ ಎರಡು. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಟ್ಸ್, ಜಪಾನಿನಲ್ಲಿ ಯೋನೆಯಾ, ಅದು ಗ್ರಾವಿಟಾನ್, ಅಂದರೆ ಗುರುತ್ವದ ಕಣ ಅಂದರು. ಕರೆಯದೆ ಬಂದ ಗುರುತ್ವ! ಇದನ್ನು ಲೆಕ್ಕ ಮಾಡಿ ನೋಡುವ ಸಂತೋಷಕ್ಕೇ ಓದಬಹುದು.

ಹೊಸನಗರದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೆಲೋಶಿಪ್ ವಿಷಯ ಅಪ್ಪನಿಗೆ ಹೇಳಿದೆ, ಜ್ಯಾಮ್ ಬರಿ ಅಂದರು. ಮೇಷ್ಟ್ರೇ, ಒಂದು ಅನುಮಾನ. 1+2+3… ಕೂಡಿದರೆ ಅನಂತ ಅಲ್ವಾ? −1/12 ಎಲ್ಲಿಂದ ಬಂತು? ಇದನ್ನು ಸುಮ್ನೆ ನಂಬಲು ಮನಸ್ಸಿಲ್ಲ.

ತೀರ್ಥಹಳ್ಳಿ ಮೇಷ್ಟ್ರು:

ನಂಬಬೇಡಿ, ಮಾಡಿ ನೋಡಿ. ಮೊಬೈಲಿನ ಸ್ಪ್ರೆಡ್‌ಶೀಟ್ ಸಾಕು. ಒಂದು ಕಾಲಮ್ಮಿನಲ್ಲಿ 1ರಿಂದ 500. ಪಕ್ಕದ ಕಾಲಮ್ಮಿನಲ್ಲಿ ಪ್ರತಿ ಸಂಖ್ಯೆಯನ್ನು ಒಂದು ಎಕ್ಸ್‌ಪೊನೆನ್ಷಿಯಲ್‌ನಿಂದ ಗುಣಿಸಿ. ಅದರ ಘಾತ −0.1 ಗುಣಿಸು ಆ ಸಂಖ್ಯೆ. ಅಂದರೆ ಹೆಚ್ಚು ಆವರ್ತನದ ಕಂಪನಗಳನ್ನು ಮೆಲ್ಲಗೆ ಅದುಮಿದ ಹಾಗೆ. ಎಲ್ಲಾ ಕೂಡಿ. 99.9167 ಬರುತ್ತದೆ. ಈಗ 0.1 ಬದಲು 0.05 ಹಾಕಿ. 399.9167 ಬರುತ್ತದೆ.

100 ಮತ್ತು 400 ಎಲ್ಲಿಂದ ಬಂತು ನೋಡಿ: 0.1ರ ವರ್ಗದಿಂದ, 0.05ರ ವರ್ಗದಿಂದ 1ನ್ನು ಭಾಗಿಸಿದ್ದು. ಅದು ನಾವು ಅದುಮಿದ ರೀತಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ಕಳೆದರೆ ಎರಡರಲ್ಲೂ ಉಳಿಯುವುದು −0.0833. ಅದೇ −1/12. ಆ ದೊಡ್ಡ ಭಾಗವನ್ನು ಯಾವ ಅಧಿಕಾರದಿಂದ ಕಳೆಯಬಹುದು ಅನ್ನುವುದು ಒಳ್ಳೆಯ ಪ್ರಶ್ನೆ. ಟಾಂಗ್ ಅವರ ಸ್ಟ್ರಿಂಗ್ ನೋಟ್ಸಿನ ಎರಡನೇ ಅಧ್ಯಾಯದಲ್ಲಿ ಇದರ ಚರ್ಚೆ ಇದೆ. ಮೊದಲು ಶೀಟ್ ಮಾಡಿ, ಬಂದ ಸಂಖ್ಯೆ ಇಲ್ಲಿ ಹಾಕಿ. ಅಲ್ಲಿಂದ ಮುಂದುವರಿಸೋಣ.