ಕೊಸೊವೊ 1999: ಬಾಂಬ್ ಎಲ್ಲಿ ಬೀಳಬೇಕು ಅಂತ ಒಪ್ಪಿಗೆ ಕೊಟ್ಟಿದ್ದು ಯಾರು?

ಮಂಜುಮಲೆ:
ಮಡಿಕೇರಿಯಲ್ಲಿ ಕಾಲೇಜು ಮಕ್ಕಳ ಚರ್ಚಾಸ್ಪರ್ಧೆ ಇದೆ, ವಿಷಯ ಕೊಸೊವೊ ವಿಚಾರಕ್ಕೆ ಯುಗೊಸ್ಲಾವಿಯಾ ಮೇಲೆ ನ್ಯಾಟೊ ಮಿತ್ರಕೂಟದ ದಾಳಿ. ‘19 ಸರ್ಕಾರಗಳೂ ಒಪ್ಪಿದ ಮೇಲೇ ಪ್ರತಿ ಬಾಂಬೂ ಬಿತ್ತು’ ಅಂತ ಒಂದು ತಂಡ ಬರೆದುಕೊಂಡಿದೆ. 78 ದಿನ, ಸುಮಾರು 38,000 ಹಾರಾಟ. ಇದು ಆಗೋ ಮಾತಾ? ಒಬ್ಬರು ಬೇಡ ಅಂದ್ರೆ ಏನಾಗ್ತಿತ್ತು?

ಕಕ್ಕಬ್ಬೆ_ಕರಿಮೆಣಸು:
ಆಗೋ ಮಾತಲ್ಲ. ನ್ಯಾಟೊದ 19 ಸದಸ್ಯ ದೇಶ ಕೂತ ಮಂಡಳಿ ಒಪ್ಪಿದ್ದು ಚೌಕಟ್ಟನ್ನು ಮಾತ್ರ: ಮೊದಲ ಹಂತದಲ್ಲಿ ಹೊಡೆಯೋದು ಯುಗೊಸ್ಲಾವಿಯಾದ ವಾಯುರಕ್ಷಣಾ ವ್ಯವಸ್ಥೆ, ಎರಡನೆಯದರಲ್ಲಿ 44ನೇ ಅಕ್ಷಾಂಶದ ದಕ್ಷಿಣದ ಸೈನಿಕ ಗುರಿಗಳು. ರಾಜಧಾನಿ ಬೆಲ್‌ಗ್ರೇಡನ್ನೂ ಒಳಗೊಂಡ ಮೂರನೇ ಹಂತಕ್ಕೆ ವಿಧಿವತ್ತಾದ ಒಪ್ಪಿಗೆ ಸಿಗಲೇ ಇಲ್ಲ. ಗುರಿಗಳ ವ್ಯಾಪ್ತಿ ಹಿಗ್ಗಿಸೋ ಅಧಿಕಾರವನ್ನ ಮಾರ್ಚ್ ಕೊನೆಗೆ ನ್ಯಾಟೊ ಮಹಾಕಾರ್ಯದರ್ಶಿ ಸೊಲಾನಾ ಕೈಗೆ ಕೊಟ್ಟು ಮುಂದೆ ಹೋದರು.

ನ್ಯಾಟೊದಲ್ಲಿ ಮತಕ್ಕೆ ಹಾಕೋದಿಲ್ಲ. ಕರಡು ಹಂಚಿ ಗಡುವು ಕೊಡ್ತಾರೆ, ಅಷ್ಟರೊಳಗೆ ಯಾರೂ ಆಕ್ಷೇಪ ಬರೆದು ಕಳಿಸದಿದ್ದರೆ ಪಾಸ್. ಮೌನಂ ಸಮ್ಮತಿ ಲಕ್ಷಣಂ, ಅಕ್ಷರಶಃ. ಐನ್‌ಮನೆ ಪಂಚಾಯ್ತಿಯಲ್ಲಿ ಇಷ್ಟವಿಲ್ಲದ ಹಿರಿಯರು ‘ಬೇಡ’ ಅನ್ನದೆ ಎಲೆಅಡಿಕೆ ಜಗಿಯುತ್ತಾ ಕೂರ್ತಾರಲ್ಲ, ಗ್ರೀಸ್ ಮಾಡಿದ್ದು ಅದನ್ನೇ. ಅಲ್ಲಿನ ಜನ ದಾಳಿಗೆ ಕಟ್ಟಾ ವಿರೋಧ. ಸರ್ಕಾರ ಬಾಂಬ್ ಹಾಕೋಕೆ ವಿಮಾನ ಕಳಿಸಲಿಲ್ಲ, ತಡೆಯಲೂ ಇಲ್ಲ.

ಗೋಣಿಕೊಪ್ಪ_ಗಡಿಯಾರ:
ಒಂದೊಂದೇ ಗುರಿಯ ವಿಚಾರ ಬೇರೆ. ಸೂಕ್ಷ್ಮ ಅನ್ನಿಸಿದ್ದು ವಾಷಿಂಗ್ಟನ್, ಲಂಡನ್, ಪ್ಯಾರಿಸ್‌ಗೆ ಹೋಗ್ತಿತ್ತು. ಬೆಲ್‌ಗ್ರೇಡ್ ಸೇತುವೆಗಳಿಗೆ ಅಡ್ಡಗಾಲು ಹಾಕಿದ್ದು ಫ್ರಾನ್ಸ್. ಇನ್ನು ಇಟಲಿಯ ವಿಚೆನ್ಝಾದ ವಾಯುಕೇಂದ್ರದಲ್ಲಿ ಆಯಾ ದೇಶದ ಅಧಿಕಾರಿ ‘ಕೆಂಪು ಕಾರ್ಡ್’ ತೋರಿಸಬಹುದಿತ್ತು. ಅದರ ಅರ್ಥ ‘ನಮ್ಮ ವಿಮಾನ ಇಲ್ಲಿಗೆ ಹೋಗಲ್ಲ’ ಅಂತ ಅಷ್ಟೇ. ಗುರಿ ರದ್ದಾಗ್ತಿರಲಿಲ್ಲ, ಬೇರೆ ದೇಶದ ವಿಮಾನ ಹೋಗ್ತಿತ್ತು. ಮಕ್ಕಳು ಇದನ್ನ ವೀಟೊ ಅಂತ ಬರೆದರೆ ಅಂಕ ಹೋಯ್ತು.

ಕಕ್ಕಬ್ಬೆ_ಕರಿಮೆಣಸು:
ಒಂದು ಸೇರಿಸಿ. ಅಮೆರಿಕದ ಬಿ-2, ಎಫ್-117 ಬಾಂಬರ್ ವಿಮಾನಗಳ ದಿನದ ಹಾರಾಟದ ಆದೇಶಪಟ್ಟಿ ಅಮೆರಿಕದವರಿಗೆ ಮಾತ್ರ. ಹೀಗಾಗಿ ತಮ್ಮ ಪಟ್ಟಿಯಲ್ಲೇ ಇಲ್ಲದ ವಿಮಾನ ಮಿತ್ರದೇಶದವರ ರೇಡಾರ್‌ನಲ್ಲಿ ಕಾಣಿಸಿಕೊಳ್ತಿತ್ತು.

ಮೇ 7ರ ರಾತ್ರಿ ಬೆಲ್‌ಗ್ರೇಡ್‌ನ ಚೀನಾ ರಾಯಭಾರ ಕಚೇರಿಗೆ ಬಿದ್ದದ್ದೂ ಬಿ-2 ಬಾಂಬೇ, ಸತ್ತವರು ಮೂವರು. ಅಮೆರಿಕದ ವಿವರಣೆ ಪ್ರಕಾರ, ಆ ಗುರಿ ಸೂಚಿಸಿದ್ದು ಸಿಐಎ. ಹೊಡೆಯಬೇಕಿದ್ದ ಯುಗೊಸ್ಲಾವಿಯಾದ ಸರಬರಾಜು ಇಲಾಖೆಯ ವಿಳಾಸ ಕೈಯಲ್ಲಿತ್ತು, ಜಾಗ ಗೊತ್ತಿರಲಿಲ್ಲ. ಪಕ್ಕದ ಬೀದಿಗಳ ಮನೆ ನಂಬರ್ ನೋಡಿ ಅಂದಾಜಿಗೆ ಜಾಗ ಗುರುತು ಮಾಡಿದರು. ಎಸ್ಟೇಟಿನ ಲೈನ್‌ಮನೆ ಹುಡುಕೋಕೂ ಈ ಲೆಕ್ಕ ಸಾಲದು. ಹೊಡೆಯಬಾರದ ಕಟ್ಟಡಗಳ ದಾಖಲೆಯಲ್ಲಿ ಚೀನಾ ಕಚೇರಿ 1996ಕ್ಕೆ ಮೊದಲಿನ ಜಾಗದಲ್ಲೇ ಇತ್ತು, ಹಾಗಾಗಿ ತಪಾಸಣೆಗೂ ಸಿಗಲಿಲ್ಲ.

ಮಂಜುಮಲೆ:
ಉಪಕಾರ. ಭಾರತದ ನಿಲುವು ಕೇಳಿದರೆ?

ಗೋಣಿಕೊಪ್ಪ_ಗಡಿಯಾರ:
ದಾಳಿ ನಿಲ್ಲಿಸಿ ಅನ್ನೋ ರಷ್ಯಾದ ಕರಡಿಗೆ ಭಾರತ, ಬೆಲಾರುಸ್ ಸಹಪ್ರಾಯೋಜಕರು. ಮಾರ್ಚ್ 26ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 3–12ರಲ್ಲಿ ಬಿತ್ತು. ಆ 3 ರಷ್ಯಾ, ಚೀನಾ, ನಮೀಬಿಯಾ. ಭಾರತ ಆಗ ಮಂಡಳಿಯಲ್ಲಿ ಇರಲಿಲ್ಲ, ‘ಭಾರತ ಮತ ಹಾಕಿತು’ ಅಂತ ಬರೆಸಬೇಡಿ.