‘ಕ್ಲಚ್ ಹಿಡಿಯುತ್ತಿಲ್ಲ’ ಎಂದರೆ ಹಿಡಿಯದಿರುವುದು ಯಾರು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

‘ಕ್ಲಚ್ ಹಿಡಿಯುತ್ತಿಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ನಿಮಗೆ ಮೊದಲು ಹೊಳೆಯುವ ಅರ್ಥ ಯಾವುದು? ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಕಳೆದ ವಾರ ನಾನು ಮತ್ತು ನನ್ನ ಅಕ್ಕನ ಮಗ ಚಿಂತಾಮಣಿಯಿಂದ ಹೊಸಕೋಟೆಯ ಕಡೆಗೆ ಹೊರಟಿದ್ದೆವು. ಕಾರು ನಮ್ಮ ತಂದೆಯವರು 2003ರಲ್ಲಿ ಕೊಂಡದ್ದು. ಕ್ಲಚ್ ಪೆಡಲಿನಿಂದ ಗೇರ್‌ಬಾಕ್ಸಿನವರೆಗೆ ಉಕ್ಕಿನ ಕೇಬಲ್ ಎಳೆದಿರುವ ಹಳೆಯ ಬಗೆಯದು. ಕೈವಾರ ಕ್ರಾಸಿನಲ್ಲಿ ಕಾಫಿ ಕುಡಿದು ಹೊರಡಲು ನೋಡಿದರೆ ಮೊದಲನೆಯ ಗೇರ್ ಬೀಳಲೇ ಇಲ್ಲ. ರಿವರ್ಸಿಗೆ ಹಾಕಹೋದರೆ ಕರಕರನೆ ಹಲ್ಲು ಮಸೆಯುವ ಸದ್ದು. ಪೆಡಲ್ ಮಾತ್ರ ತುಳಿದಷ್ಟೂ ಸಲೀಸಾಗಿ ಕೆಳಕ್ಕೆ ಹೋಗುತ್ತಿತ್ತು. ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ, ‘ಅಣ್ಣಾ, ಕ್ಲಚ್ ಹಿಡಿಯುತ್ತಿಲ್ಲ’ ಎಂದೆ. ‘ಕೇಬಲ್ ಬಿಗಿ ಹೆಚ್ಚಾಗಿರಬೇಕು ಮೇಡಂ. ಬಾನೆಟ್ ಎತ್ತಿ, ಕೇಬಲ್ ತುದಿಯ ನಟ್ಟನ್ನು ಮೂರು ನಾಲ್ಕು ಸುತ್ತು ಸಡಿಲ ಮಾಡಿ ನೋಡಿ’ ಎಂದರು. ಹುಡುಗ ಹಾಗೆಯೇ ಮಾಡಿದ. ಅಲ್ಲಿಯವರೆಗೆ ಒದ್ದಾಡಿಯಾದರೂ ಬೀಳುತ್ತಿದ್ದ ಎರಡನೆಯ ಗೇರ್ ಕೂಡ ಆಮೇಲೆ ಬೀಳಲಿಲ್ಲ.

ಕೊನೆಗೆ ಅವರೇ ಬೈಕಿನಲ್ಲಿ ಬಂದರು. ಪೆಡಲನ್ನು ಒಮ್ಮೆ ಒತ್ತಿ, ಗೇರ್ ಹಾಕಿ ನೋಡಿ, ‘ಹಿಡಿಯುತ್ತಿಲ್ಲ ಎಂದಿರಲ್ಲ ಮೇಡಂ, ಇದು ಬಿಡುತ್ತಿಲ್ಲ’ ಎಂದರು. ಪೆಡಲಿನ ಕೊಕ್ಕೆಯ ಹತ್ತಿರ ಕೇಬಲ್ಲಿನ ಎಳೆಗಳು ಒಂದೊಂದಾಗಿ ಹರಿದು, ಉಳಿದವು ಜಗ್ಗಿಹೋಗಿದ್ದವು. ನಾವು ಸಡಿಲಿಸಿದ್ದ ನಟ್ಟನ್ನು ಅವರು ಬಿಗಿ ಮಾಡಿದಾಗ ಗೇರ್ ಬಿತ್ತು. ಮೆಲ್ಲಗೆ ಊರಿಗೆ ಮರಳಿ ಹೊಸ ಕೇಬಲ್ ಹಾಕಿಸಿದೆವು.

ನಾನು ತರಗತಿಯಲ್ಲಿ ಕನ್ನಡ ಪಾಠ ಮಾಡುವವಳು. ನಾನು ಹೇಳಿದ ವಾಕ್ಯಕ್ಕೆ ತದ್ವಿರುದ್ಧವಾದ ಅರ್ಥ ಹುಟ್ಟಿ, ತದ್ವಿರುದ್ಧವಾದ ದುರಸ್ತಿ ನಡೆದದ್ದು ನನ್ನನ್ನು ಇಂದಿಗೂ ಕಾಡುತ್ತಿದೆ. ಅವರದೇನೂ ತಪ್ಪಿಲ್ಲ. ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ತಟ್ಟೆಯನ್ನು ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರಕ್ಕೆ ಸ್ಪ್ರಿಂಗ್ ಸದಾ ಒತ್ತಿ ಹಿಡಿದಿರುತ್ತದೆ. ನಾವು ಪೆಡಲ್ ತುಳಿದಾಗ ಕೇಬಲ್ ಎಳೆದು ಆ ಹಿಡಿತ ಬಿಡುತ್ತದೆ. ಹಾಗಾಗಿ ಅವರ ಭಾಷೆಯಲ್ಲಿ ‘ಹಿಡಿಯುತ್ತಿಲ್ಲ’ ಎಂದರೆ ತಟ್ಟೆ ಜಾರುತ್ತಿದೆ, ಎಂಜಿನ್ ಬೊಬ್ಬಿಟ್ಟರೂ ಗಾಡಿ ಎಳೆಯುತ್ತಿಲ್ಲ ಎಂದು. ನಂದಿ ಬೆಟ್ಟದ ಏರಿನಲ್ಲಿ ಮೊದಲು ಗೊತ್ತಾಗುವ ತೊಂದರೆ ಅದು. ಕೇಬಲ್ ಅತಿ ಬಿಗಿಯಾಗಿದ್ದರೂ ಹೀಗಾಗುತ್ತದೆ, ಆಗ ಸಡಿಲಿಸುವುದೇ ಸರಿ. ನನ್ನ ತೊಂದರೆ ಅದರ ತಲೆಕೆಳಗು: ಕಾಲು ತುಳಿದರೂ ತಟ್ಟೆ ಬಿಡುತ್ತಿರಲಿಲ್ಲ. ಅದಕ್ಕೆ ಕೇಬಲನ್ನು ಬಿಗಿ ಮಾಡಬೇಕು.

ನಾನೇಕೆ ‘ಹಿಡಿ’ ಎಂದೆ? ಕಾರು ಕಲಿಸಿದವರು ‘ಕ್ಲಚ್ ಹಿಡಿ, ಗೇರ್ ಹಾಕು, ನಿಧಾನವಾಗಿ ಕ್ಲಚ್ ಬಿಡು’ ಎಂದೇ ಕಲಿಸಿದ್ದರು. ಇದು ಬೈಕು, ಗೇರ್ ಇರುವ ಹಳೆಯ ಸ್ಕೂಟರುಗಳಿಂದ ಬಂದ ಮಾತಿರಬೇಕೆಂದು ನನ್ನ ಊಹೆ. ಅಲ್ಲಿ ಕ್ಲಚ್ ಇರುವುದು ಎಡಗೈಯಲ್ಲಿ, ನಿಜವಾಗಿಯೂ ಹಿಡಿಯುವಂಥದ್ದು. ಕಾರಿನಲ್ಲಿ ಅದು ಕಾಲಿಗೆ ಇಳಿದರೂ ಕ್ರಿಯಾಪದ ಕೈಯದೇ ಉಳಿಯಿತು. ಇದರ ಜೊತೆಗೆ ‘ಬ್ರೇಕ್ ಹಿಡಿಯುತ್ತಿಲ್ಲ’ ಎಂಬ ಮಾತೂ ನಮ್ಮ ನಾಲಿಗೆಯ ಮೇಲಿದೆ. ಬ್ರೇಕಿನಲ್ಲಿ ಗೊಂದಲಕ್ಕೆ ಎಡೆಯಿಲ್ಲ: ನಾವು ತುಳಿದಾಗಲೇ ಅದು ಹಿಡಿಯುತ್ತದೆ. ಕ್ಲಚ್ಚಿನಲ್ಲಿ ನಾವು ಹಿಡಿದಾಗ ಅದು ಬಿಡುತ್ತದೆ, ನಾವು ಬಿಟ್ಟಾಗ ಅದು ಹಿಡಿಯುತ್ತದೆ. ಚಾಲಕರ ‘ಹಿಡಿ’ಯೇ ಮೆಕ್ಯಾನಿಕ್ಕರ ‘ಬಿಡು’.

ಇದಕ್ಕೆ ವ್ಯಾಕರಣವೂ ಇಂಬು ಕೊಟ್ಟಿದೆ. ನಿರ್ಜೀವ ವಸ್ತು ಕರ್ಮವಾದಾಗ ‘ಅನ್ನು’ ಪ್ರತ್ಯಯವನ್ನು ನಾವು ಸುಲಭವಾಗಿ ಬಿಟ್ಟುಬಿಡುತ್ತೇವೆ: ಪುಸ್ತಕ ಓದಿದೆ, ನೀರು ಕುಡಿದೆ, ಕ್ಲಚ್ ಹಿಡಿದೆ. ‘ನಾನು’ ಎನ್ನುವುದನ್ನೂ ಬಿಡುತ್ತೇವೆ. ಆದರೂ ‘ಹಿಡಿಯುತ್ತಿದ್ದೇನೆ’, ‘ಹಿಡಿಯುತ್ತಿದೆ’ ಎಂದಾಗ ಕರ್ತೃ ಯಾರೆಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ನಿಷೇಧಕ್ಕೆ ಬಂದರೆ ‘ಇಲ್ಲ’ ಎಲ್ಲರಿಗೂ ಒಂದೇ. ನಾನು, ನೀನು, ಅದು, ಯಾರಾದರೂ ‘ಹಿಡಿಯುತ್ತಿಲ್ಲ’. ಕ್ಲಚ್ ಹಿಡಿಯುವ ವಸ್ತುವೋ ಹಿಡಿಸಿಕೊಳ್ಳುವ ವಸ್ತುವೋ ಎಂದು ತಿಳಿಸುವ ಗುರುತು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ‘ಹಿಡಿಯೆನು’, ‘ಹಿಡಿಯದು’ ಎಂಬ ಹಳೆಯ ನಿಷೇಧ ರೂಪಗಳಲ್ಲಿ ಈ ಗುರುತು ಇತ್ತು. ಉತ್ತರ ಕರ್ನಾಟಕದ ‘ಒಲ್ಲದು’ ಕೂಡ ಇದನ್ನು ಉಳಿಸಿಕೊಂಡಿದೆ. ‘ಕ್ಲಚ್ ಹಿಡಿಯಲೊಲ್ಲದು’ ಎಂದಿದ್ದರೆ ಮಾತು ಕ್ಲಚ್ಚಿನ ಬಗ್ಗೆ ಎಂಬುದಾದರೂ ಖಚಿತವಾಗುತ್ತಿತ್ತು. ಆಗ ನನ್ನ ತಪ್ಪು ನನಗೇ ಕೇಳಿಸುತ್ತಿತ್ತೋ ಏನೋ. ನಮ್ಮ ಗಡಿಯ ತಾಲ್ಲೂಕುಗಳಲ್ಲಿ ಗ್ಯಾರೇಜಿನ ಮಾತು ಅರ್ಧ ತೆಲುಗು. ಅಲ್ಲಿಯೂ ‘ಪಟ್ಟಡಂ ಲೇದು’ (ಹಿಡಿಯುತ್ತಿಲ್ಲ) ಎಂದರೆ ಇದೇ ಕಥೆ, ಈ ರೂಪದಲ್ಲಿ ‘ಲೇದು’ ಎಲ್ಲ ಪುರುಷಗಳಿಗೂ ಒಂದೇ.

ಮೂರನೆಯ ಅರ್ಥವೂ ಅದೇ ದಿನ ಸಿಕ್ಕಿತು. ತೆಗೆದ ಕೇಬಲನ್ನು ತೋರಿಸುತ್ತಾ ಮೆಕ್ಯಾನಿಕ್, ‘ಔಟರ್ ಒಳಗೆ ಅಲ್ಲಲ್ಲಿ ಹಿಡಿದುಕೊಂಡಿದೆ ನೋಡಿ’ ಎಂದರು. ಔಟರ್ ಎಂದರೆ ಕೇಬಲ್ಲಿನ ಹೊರಕವಚ. ಇಲ್ಲಿ ಹಿಡಿಯುವುದೆಂದರೆ ತುಕ್ಕಿನಿಂದ ಸಿಕ್ಕಿಕೊಳ್ಳುವುದು, ಕಾಲು ಹಿಡಿದುಕೊಂಡಿತು ಎನ್ನುವ ಹಾಗೆ. ಒಂದೇ ರಿಪೇರಿಯಲ್ಲಿ ಒಂದೇ ಧಾತು ಮೂರು ಕಡೆ ದುಡಿದಿತ್ತು. ಕಾರಿನ ಜೊತೆ ಬಂದ ಪುಸ್ತಕಕ್ಕೆ ನಾವು ‘ಕೈಪಿಡಿ’ ಎನ್ನುತ್ತೇವೆ. ಹಳಗನ್ನಡದ ‘ಪಿಡಿ’ ಪಕಾರ ಕಳೆದುಕೊಳ್ಳದೆ ಅಲ್ಲಿ ಉಳಿದಿರುವುದನ್ನು ನೆನೆದು ಸಂತೋಷಪಟ್ಟೆ.

ಇನ್ನೊಂದು ಪದ ನನಗೆ ಬೇಕಾಗಿದೆ. ಪೆಡಲನ್ನು ತುಳಿಯಲು ಆರಂಭಿಸಿದಾಗ ಕೇಬಲ್ ಇನ್ನೂ ಬಿಗಿಯಾಗದೆ, ಪೆಡಲ್ ಸುಮ್ಮನೆ ಚಲಿಸುವ ಅಂತರ ಸ್ವಲ್ಪ ಇರಬೇಕು. ಗ್ಯಾರೇಜಿನಲ್ಲಿ ಇದು ‘ಪ್ಲೇ’. ‘ಮುಕ್ತ ಚಲನೆ’ ಎಂದು ಬರೆದರೆ ಯಾರೂ ಬಳಸುವುದಿಲ್ಲ. ‘ಸಡಿಲ’ ಎಂದರೆ ದೋಷದ ಧ್ವನಿ ಬರುತ್ತದೆ, ಆದರೆ ಇದು ಇರಲೇಬೇಕಾದ ಅಂತರ. ನನ್ನ ಮನಸ್ಸು ‘ಆಟ’ದ ಕಡೆಗಿದೆ. ‘ಕೈಕಾಲು ಆಡಲಿಲ್ಲ’, ‘ಗಾಳಿಯಾಡಲಿ’ ಎನ್ನುವಲ್ಲಿ ‘ಆಡು’ ಎಂದರೆ ತಡೆಯಿಲ್ಲದೆ ಚಲಿಸುವುದೇ ಅಲ್ಲವೇ? ‘ಪೆಡಲ್‌ಗೆ ಇಷ್ಟು ಆಟವಿರಲಿ’ ಎಂದರೆ ಮೆಕ್ಯಾನಿಕ್ಕರಿಗೂ ತಿಳಿದೀತು ಎಂದುಕೊಂಡಿದ್ದೇನೆ. ಬಡಗಿಗಳೋ ಗಾಡಿ ಕಟ್ಟುವವರೋ ಈ ಅರ್ಥದಲ್ಲಿ ಬೇರೆ ಪದ ಬಳಸುವುದನ್ನು ನೀವು ಕೇಳಿದ್ದರೆ ದಯವಿಟ್ಟು ತಿಳಿಸಿ.

ಹಾಗೆಯೇ, ನಿಮ್ಮ ಊರಿನಲ್ಲಿ ಕಾರಿನ ಕ್ಲಚ್ಚನ್ನು ಹಿಡಿಯುತ್ತಾರೋ, ಒತ್ತುತ್ತಾರೋ, ತುಳಿಯುತ್ತಾರೋ, ಅಮುಕುತ್ತಾರೋ? ಬರೆಯುವಾಗ ಊರಿನ ಹೆಸರನ್ನೂ ಸೇರಿಸಿ. ಮೊದಲ ಸಾಲಿನ ಪ್ರಶ್ನೆಗೆ ನೀವು ಮನಸ್ಸಿನಲ್ಲಿ ಇಟ್ಟುಕೊಂಡ ಉತ್ತರವನ್ನು, ಇದನ್ನೆಲ್ಲ ಓದಿದ ಮೇಲೆ ಬದಲಿಸದೆ, ಹಾಗೆಯೇ ಕಳುಹಿಸಿ.