ಲೈಬ್ರರಿ ನೋಟಿಸ್ ಬೋರ್ಡನ್ನು ಯಾರಾದರೂ ಓದುತ್ತಾರಾ?

ಬೀಗದಕೈ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ಸೇರಿ ಆರು ವರ್ಷ ಆಯಿತು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಈ ಸಲ ಏನು ಮಾಡುವುದು ಅಂತ ತಲೆ ಕೆಟ್ಟುಹೋಗಿದೆ.

ಹೋದ ವರ್ಷ ಮಾಡಿದ್ದನ್ನು ಹೇಳಿಬಿಡುತ್ತೇನೆ. ಅತಿಥಿಗಳೊಬ್ಬರು ಬಂದು ಓದಿನ ಮಹತ್ವದ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ಹಾರ, ಶಾಲು, ಫೋಟೋ. ಫೋಟೋ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ತೋರಿಸುವ ಫೈಲಿಗೆ ಹೋಯಿತು. ಮಕ್ಕಳು ಬಿಸ್ಕತ್ತು ತಿಂದು ಬಸ್ಸಿಗೆ ಓಡಿದರು. ಆ ವಾರ ಕಥೆ, ಕಾದಂಬರಿ ಅಂತ ಇಶ್ಯೂ ಆಗಿದ್ದು ಎಷ್ಟು ಗೊತ್ತಾ? ಮೂರು. ಅದರಲ್ಲೂ ಒಂದು ನಾನೇ ತಗೊಂಡಿದ್ದು.

ಬಾಗಿಲ ಪಕ್ಕ ‘ಹೊಸ ಪುಸ್ತಕಗಳು’ ಅಂತ ಬೋರ್ಡ್ ಇದೆ. ತಿಂಗಳಿಗೊಮ್ಮೆ ಹೆಸರು, ಪುಸ್ತಕ ಯಾವ ವಿಷಯದ್ದು, ಎಲ್ಲಿದೆ ಅಂತ ತಿಳಿಸುವ ಕಾಲ್ ನಂಬರ್ ಬರೆದು ಹಾಕುತ್ತೇನೆ. ಮೊನ್ನೆ ಒಬ್ಬ ಹುಡುಗ ಬಂದು, “ಮೇಡಂ, 894.814 ಅಂತ ಯಾರದ್ದೋ ಫೋನ್ ನಂಬರ್ ಅರ್ಧ ಬರೆದು ಬಿಟ್ಟಿದ್ದೀರ” ಅಂದ. ಅದು ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರಪ್ಪಾ ಅಂದೆ. ಅವನಿಗೂ ನಗು, ನನಗೂ ನಗು. ಆಮೇಲೆ ಬೇಜಾರಾಯಿತು. ಆರು ವರ್ಷದಲ್ಲಿ ಆ ಬೋರ್ಡ್ ಓದಿ ಪ್ರಶ್ನೆ ಕೇಳಿದವನು ಅವನೊಬ್ಬನೇ.

ಕಳೆದ ವಾರ ಧೂಳು ಒರೆಸುವಾಗ ತ್ರಿವೇಣಿಯವರ ‘ಶರಪಂಜರ’ ಕೈಗೆ ಬಂತು. ಹಿಂದಿನ ಪುಟದ ಡೇಟ್ ಸ್ಲಿಪ್ ನೋಡಿದೆ. ನೇರಳೆ ಸೀಲುಗಳು ಒಂದರ ಮೇಲೊಂದು ಬಿದ್ದು, ಜಾಗ ಸಾಲದೆ ಅದರ ಮೇಲೆ ಇನ್ನೊಂದು ಸ್ಲಿಪ್ ಅಂಟಿಸಿದ್ದಾರೆ. ಆ ಎರಡನೇ ಸ್ಲಿಪ್‌ನಲ್ಲಿ ನಾಲ್ಕೇ ಸೀಲು. ಕೊನೆಯದು 2011ರ ಆಗಸ್ಟ್. ತ್ರಿವೇಣಿ ಹುಟ್ಟಿದ್ದು ಇದೇ ಮಂಡ್ಯದಲ್ಲಿ, 1928ರಲ್ಲಿ. ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ಊರಿನ ಮಕ್ಕಳೇ ಇಷ್ಟು ವರ್ಷ ಆ ಪುಸ್ತಕ ಮುಟ್ಟಿಲ್ಲ.

ಭಾಷಣ ಬೇಡ, ಪ್ರಬಂಧ ಸ್ಪರ್ಧೆ ಬೇಡ. ದುಡ್ಡಂತೂ ಇಲ್ಲ. ಏನಾದರೂ ಹೇಳಿ.

ನಿವೃತ್ತ, ಸರಸ್ವತಿಪುರಂ

ನೋಡಮ್ಮ, ಬೇಜಾರು ಮಾಡಿಕೊಳ್ಳಬೇಡ, ಒಂದು ಕೇಳುತ್ತೇನೆ. ಆ ಕಾದಂಬರಿ ಇದ್ದದ್ದು ತೆರೆದ ರ‍್ಯಾಕಿನಲ್ಲೋ, ಬೀಗ ಹಾಕಿದ ಗಾಜಿನ ಬೀರುವಿನಲ್ಲೋ? ನೀನು ಇಲ್ಲಿ ಇಟ್ಟುಕೊಂಡಿರುವ ಹೆಸರು ನೋಡಿ ಅನುಮಾನ ಬಂತು.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು. ಮೊದಲ ಹನ್ನೆರಡು ವರ್ಷ ಎಲ್ಲಕ್ಕೂ ಬೀಗ. ಸ್ಟಾಕ್ ವೆರಿಫಿಕೇಶನ್ನಿನಲ್ಲಿ ಪುಸ್ತಕ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯ. ಒಂದು ವರ್ಷ ಹಿಡಿದೂಬಿಟ್ಟರು, ನೂರ ನಲವತ್ತು ರೂಪಾಯಿ. ಬೀಗ ಇದ್ದೂ ಕಳೆದಿತ್ತು, ಅದು ಬೇರೆ ಕಥೆ.

ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರ ಐದು ಸೂತ್ರ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ, ಅಲ್ವಾ? 1931ರ ಪುಸ್ತಕ. ಮೊದಲನೇ ಸೂತ್ರವೇ ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಹಿಂದಿನ ಕಾಲದಲ್ಲಿ ಯೂರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿ ಕಟ್ಟುತ್ತಿದ್ದ ವಿಷಯವನ್ನೂ ಅವರು ಅಲ್ಲೇ ಹೇಳಿದ್ದಾರೆ. ಓದಿ ನಕ್ಕಿದ್ದೆ. ಆಗ ನನ್ನ ಜೇಬಿನಲ್ಲಿ ಹದಿನಾಲ್ಕು ಬೀಗದಕೈ ಇದ್ದವು.

ಬೀರು ತೆಗಿ. ಆಮೇಲೆ ಇನ್ನೊಂದು ಮಾಡು. ಮಕ್ಕಳು ವಾಪಸ್ ತಂದ ಪುಸ್ತಕವನ್ನು ಕೂಡಲೇ ರ‍್ಯಾಕಿಗೆ ಸೇರಿಸಬೇಡ. ಕೌಂಟರ್ ಪಕ್ಕದ ಮೇಜಿನ ಮೇಲೆ ಒಂದು ದಿನ ಬಿಡು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೆ ಬಂದ ದೋಸೆ ನೋಡಿ ನಾವೂ ಅದನ್ನೇ ಹೇಳುತ್ತೇವಲ್ಲ, ಹಾಗೆ.

ಕೆ.ಆರ್. ಪೇಟೆ ಬಸ್ಸು

ಮೇಡಂ, ನಾನು ಬೇರೆ ಕಾಲೇಜು, ಫೈನಲ್ ಇಯರ್ ಬಿ.ಕಾಂ. ಲೈಬ್ರರಿಗೆ ಬರದೇ ಇರುವುದು ಓದು ಬೇಡ ಅಂತಲ್ಲ. ಬ್ಯಾಗ್ ಹೊರಗಿಡಬೇಕು, ಐಡಿ ತೋರಿಸಬೇಕು, ಯಾವ ಪುಸ್ತಕ ಬೇಕು ಅಂತ ಚೀಟಿ ಬರೆದುಕೊಡಬೇಕು. ಯಾವುದು ಬೇಕು ಅಂತ ಗೊತ್ತಿದ್ದರೆ ತಾನೇ ಬರೆಯುವುದು? ಅಷ್ಟರಲ್ಲಿ ನಾಲ್ಕೂ ಹತ್ತರ ಬಸ್ಸು ಹೋಗಿರುತ್ತದೆ.

ನಮ್ಮೂರು ಕಿಕ್ಕೇರಿ ಪಕ್ಕ. ‘ಮೈಸೂರ ಮಲ್ಲಿಗೆ’ ಹಾಡುಗಳನ್ನು ಮದುವೆ ಮನೆಗಳಲ್ಲಿ ಕೇಳಿಕೊಂಡೇ ಬೆಳೆದವಳು ನಾನು. ಬರೆದ ಕೆ.ಎಸ್.ನ. ಕಿಕ್ಕೇರಿಯವರು, ಪುಸ್ತಕ ಬಂದದ್ದು 1942ರಲ್ಲಿ ಅಂತ ಕನ್ನಡ ಮೇಷ್ಟ್ರು ಹೇಳಿದ್ದು ಹೋದ ವರ್ಷ. ನಮ್ಮಮ್ಮನಿಗೂ ಗೊತ್ತಿರಲಿಲ್ಲ. ಅವತ್ತೇ ಹೋಗಿ ತಗೊಂಡೆ.

ಅದಕ್ಕೇ ಹೇಳುತ್ತೇನೆ, ಪುಸ್ತಕಗಳನ್ನು ಬಸ್ಸಿನ ರೂಟ್ ಪ್ರಕಾರ ಜೋಡಿಸಿ. ಬಸ್ಸಿನ ಮುಂದೆ ಇರುತ್ತಲ್ಲ, ಅಂಥ ಬೋರ್ಡ್ ಬರೆದು ನಿಲ್ಲಿಸಿ. ‘ಕೆ.ಆರ್. ಪೇಟೆ’ ಅಂದರೆ ಕಿಕ್ಕೇರಿಯ ಕೆ.ಎಸ್.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್. ಮೂರ್ತಿರಾವ್ 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದವರು. ‘ದೇವರು’ ಬರೆದಾಗ ತೊಂಬತ್ತರ ಆಸುಪಾಸು. ನಮ್ಮ ಹಾಸ್ಟೆಲಿನಲ್ಲಿ ಅದನ್ನು ಓದಿ ಎರಡು ದಿನ ಜಗಳ ಆಗಿದೆ, ಆದ್ದರಿಂದ ಖಂಡಿತ ಇಡಿ. ‘ಮೇಲುಕೋಟೆ’ಗೆ ಕವಿ ಪು.ತಿ.ನ. ‘ಮದ್ದೂರು’ ಬೋರ್ಡಿಗೆ ಡಾಕ್ಟರಾಗಿದ್ದುಕೊಂಡೇ ಕಥೆ ಬರೆದ ಬೆಸಗರಹಳ್ಳಿ ರಾಮಣ್ಣ. ‘ನಾಗಮಂಗಲ’ಕ್ಕೆ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು. ‘ಮಂಡ್ಯ ಸಿಟಿ’ಗೆ ನಿಮ್ಮ ತ್ರಿವೇಣಿ.

ಎಫ್‌ಡಿಎ ಮೂರನೇ ಸಲ

ಎಲ್ಲಾ ಚೆನ್ನಾಗಿದೆ. ಆದರೆ ಲೈಬ್ರರಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಿಜವಾಗಿ ಕೂರುವವರು ನಮ್ಮಂಥ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು. ನಮ್ಮನ್ನು ಓದುಗರ ಲೆಕ್ಕಕ್ಕೇ ಯಾರೂ ಸೇರಿಸುವುದಿಲ್ಲ. ಮಧ್ಯಾಹ್ನ ಮೂರಕ್ಕೆ ತಲೆ ಭಾರ ಆದಾಗ ಕೈಗೆ ಸಿಗುವ ಹಾಗೆ ಹತ್ತು ಪುಟದ ಕಥೆ ಇಡಿ, ಓದುತ್ತೇವೆ. ಮತ್ತೆ ದಯವಿಟ್ಟು ಫ್ಯಾನ್ ರಿಪೇರಿ ಮಾಡಿಸಿ. ಸಪ್ತಾಹಕ್ಕೆ ಅದಕ್ಕಿಂತ ದೊಡ್ಡ ಕಾರ್ಯಕ್ರಮ ಇಲ್ಲ.

ಬೀಗದಕೈ, ಮಂಡ್ಯ

ಸಪ್ತಾಹ ಮುಗಿಯಿತು, ವರದಿ ಕೊಡುತ್ತಿದ್ದೇನೆ.

ಸರ್, ನಿಮ್ಮ ಅನುಮಾನ ಸರಿ. ಬೀರುವಿನಲ್ಲೇ ಇತ್ತು. ಎರಡು ಬೀರು ತೆಗೆದೆ. ಮೂರನೆಯದರ ಕೀ ನಾನು ಸೇರುವ ಮೊದಲೇ ಕಳೆದಿತ್ತಂತೆ, ನಮ್ಮ ಅಟೆಂಡರ್ ಸ್ಕ್ರೂಡ್ರೈವರ್ ತಂದು ಬೀಗವನ್ನೇ ಬಿಚ್ಚಿದರು.

ಪುಸ್ತಕ ಬಂದ ರಟ್ಟಿನ ಡಬ್ಬಗಳನ್ನೇ ಕತ್ತರಿಸಿ ಆರು ಬೋರ್ಡ್ ಮಾಡಿದೆವು, ಹಳದಿ ಹಾಳೆ ಅಂಟಿಸಿ ಕಪ್ಪು ಅಕ್ಷರ. ಬಿ.ಎ. ಹುಡುಗನೊಬ್ಬ ಕೆಳಗಡೆ ‘ಮಹಿಳೆಯರಿಗೆ ಮೀಸಲು’ ಅಂತ ಬರೆದಿದ್ದ, ಅಳಿಸಿದೆ. ವಾರದಲ್ಲಿ ನಲವತ್ತೆರಡು ಪುಸ್ತಕ ಹೋದವು. ಕೆ.ಆರ್. ಪೇಟೆ ಬೋರ್ಡ್ ಮೂರನೇ ದಿನಕ್ಕೇ ಖಾಲಿ. ನಾಗಮಂಗಲದವರು ನಮ್ಮದು ಬರೀ ದಪ್ಪ ಪುಸ್ತಕ ಅಂತ ಗೊಣಗಿದರು. ಮಳವಳ್ಳಿ ಹುಡುಗಿಯರು ನಮ್ಮ ಬಸ್ಸು ಯಾಕಿಲ್ಲ ಅಂತ ಜಗಳಕ್ಕೇ ಬಂದರು. ಖಾಲಿ ಬೋರ್ಡ್ ಇಟ್ಟಿರುತ್ತೇನೆ, ನೀವೇ ಹುಡುಕಿಕೊಂಡು ಬನ್ನಿ ಅಂದೆ.

‘ಶರಪಂಜರ’ ಐದು ದಿನಕ್ಕೆ ವಾಪಸ್ ಬಂತು. ಒಳಗೆ ಬಸ್ ಟಿಕೆಟ್. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಹೀಗಿತ್ತು: “ಬಸ್ಸಲ್ಲಿ ಓದಬೇಡಿ, ನಾನು ಸ್ಟಾಪ್ ಬಿಟ್ಟು ಮುಂದೆ ಹೋದೆ.” ಟಿಕೆಟ್ಟನ್ನು ಹಾಗೇ ಒಳಗಿಟ್ಟು ಪುಸ್ತಕ ಮೇಜಿನ ಮೇಲೆ ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬೇರೆಯವರು ಇಶ್ಯೂ ಮಾಡಿಸಿಕೊಂಡಿದ್ದರು.

ಫ್ಯಾನಿನ ಅರ್ಜಿ ಇನ್ನೂ ಆಫೀಸಿನಲ್ಲೇ ಇದೆ.